ಕೈಯಲ್ಲಿದ್ದರೂ ತನ್ನದಲ್ಲ

ಮಳೆಗಾಲ ಮುಗಿದು ಅಡಿಕೆ ಅಂಗಳಕ್ಕೆ ಬೀಳುವ ಹೊತ್ತಿಗೆ ಪುತ್ತೂರು, ಸುಳ್ಯ, ಕಡಬದ ಮನೆಗಳಿಗೆ ಆಮಂತ್ರಣ ಪತ್ರಿಕೆಗಳು ಬರತೊಡಗುತ್ತವೆ. ಮದುವೆಯದ್ದು ಒಂದಾದರೆ ಜಾತ್ರೆ, ನೇಮ, ಬ್ರಹ್ಮಕಲಶೋತ್ಸವದ್ದು ನಾಲ್ಕು. ಮದುವೆ ಪತ್ರಿಕೆಯಲ್ಲಿ ಮುಹೂರ್ತ ನೋಡುವವರು ಬ್ರಹ್ಮಕಲಶದ ಪತ್ರಿಕೆಯಲ್ಲಿ ಮೊದಲು ನೋಡುವುದು ಹಿಂಬದಿಯನ್ನು. ಅಲ್ಲಿ ಸಣ್ಣ ಅಕ್ಷರದಲ್ಲಿ ಹೆಸರುಗಳ ಮೆರವಣಿಗೆ ಇರುತ್ತದೆ: ಗೌರವಾಧ್ಯಕ್ಷರು, ಅಧ್ಯಕ್ಷರು, ಕಾರ್ಯಾಧ್ಯಕ್ಷರು, ಕೋಶಾಧಿಕಾರಿ, ಹಸಿರುವಾಣಿ ಹೊರೆಕಾಣಿಕೆಯ ಸಂಚಾಲಕರು. ಈ ಸಾಲಿನ ಎಲ್ಲೋ ಮೇಲುಗಡೆ, ಬೇರೆ ಜಿಲ್ಲೆಯವರಿಗೆ ಅಷ್ಟಾಗಿ ಪರಿಚಯವಿಲ್ಲದ ಒಂದು ಶಬ್ದ ಕೂತಿರುತ್ತದೆ. ಆಡಳಿತ ಮೊಕ್ತೇಸರರು. ಕೆಲವು ಕಡೆ ಆನುವಂಶಿಕ ಮೊಕ್ತೇಸರರು.

ಮೊಕ್ತೇಸರ ಎಂದರೆ ಯಾರು ಎಂದು ಊರಿನ ಮಗುವನ್ನು ಕೇಳಿದರೂ ಉತ್ತರ ಸಿಗುತ್ತದೆ. ದೇವಸ್ಥಾನದ ಬೀಗದ ಕೈ ಇರುವವರು, ಕಾಣಿಕೆ ಡಬ್ಬಿ ಒಡೆಯುವಾಗ ಎದುರು ಕೂರುವವರು, ಭಂಡಾರದ ಚಿನ್ನ ಎಷ್ಟು ಪವನು ಎಂದು ತಿಳಿದವರು. ಮೊದಲ ಪ್ರಸಾದ ಅವರಿಗೆ. ಜಾತ್ರೆಯ ಖರ್ಚಿಗೆ ದುಡ್ಡು ಸಾಲದೆ ಬಂದರೆ ಮೊದಲ ಚಿಂತೆಯೂ ಅವರದೇ. ಆದರೆ ದೇವಸ್ಥಾನ ಅವರದಲ್ಲ. ಗದ್ದೆ ಅವರದಲ್ಲ, ಚಿನ್ನ ಅವರದಲ್ಲ, ಅಂಗಳದಲ್ಲಿ ಬಿದ್ದ ತೆಂಗಿನಕಾಯಿ ಕೂಡಾ ಅವರದಲ್ಲ. ಎಲ್ಲವೂ ಕೈಯಲ್ಲಿದೆ, ಯಾವುದೂ ತನ್ನದಲ್ಲ. ಕಾನೂನಿನ ದಪ್ಪ ಪುಸ್ತಕಗಳು ಪುಟಗಟ್ಟಲೆ ವಿವರಿಸುವ ‘ಟ್ರಸ್ಟ್’ ಎಂಬುದರ ತಿರುಳು ಇಷ್ಟೇ. ಈ ಸೀಮೆಯವರು ಆ ಪುಸ್ತಕವನ್ನು ಓದುವ ಮೊದಲೇ ಅದರ ಮೊದಲ ಪಾಠವನ್ನು ಕಲಿತಿದ್ದರು.

ಪಾಠ ತಪ್ಪಿದವರಿಗೆ ಶಿಕ್ಷೆಯ ಏರ್ಪಾಡೂ ಇತ್ತು. ದೇವರ ದುಡ್ಡು ತಿಂದವನಿಗೆ ದಕ್ಕುವುದಿಲ್ಲ ಎಂಬುದು ಅದರ ಸೌಮ್ಯ ರೂಪ. ಕಠಿಣ ರೂಪ ಬೇಕಾದರೆ ಗಡಿ ದಾಟಿ ಕಾಸರಗೋಡು ಸೀಮೆಯ ಕಾನತ್ತೂರಿಗೆ ಹೋಗಬೇಕು. ಅಲ್ಲಿನ ನಾಲ್ವರ್ ದೈವಗಳ ಎದುರು ನಿಂತು ‘ನಾನು ತಿಂದಿಲ್ಲ’ ಎಂದು ಪ್ರಮಾಣ ಮಾಡುವುದೆಂದರೆ ಸುಳ್ಯ, ಪುತ್ತೂರಿನ ಗಟ್ಟಿಗರ ಕಾಲೂ ನಡುಗುತ್ತದೆ. ‘ಕಾನತ್ತೂರಿಗೆ ಹೇಳಿಕೊಳ್ಳುತ್ತೇನೆ’ ಎಂಬ ಒಂದು ಮಾತಿಗೇ ಹಿಸ್ಸೆಯ ತಕರಾರು, ಚೀಟಿಯ ಲೆಕ್ಕ, ಕಾಣೆಯಾದ ಬಂಗಾರ ಸರಿಹೋದ ಕತೆಗಳು ಊರೂರಲ್ಲಿ ಇವೆ. ವಕೀಲರ ನೋಟೀಸಿಗೆ ಉತ್ತರ ಬರೆಯಬಹುದು. ದೈವದ ನೋಟೀಸಿಗೆ ಬರೆಯುವುದೆಂತು?

ಆದರೂ ಭಯ ಒಂದು ತಲೆಮಾರಿನಿಂದ ಇನ್ನೊಂದಕ್ಕೆ ಬರುವಾಗ ತೆಳ್ಳಗಾಗುತ್ತದೆ. ಆಗ ಕಾಗದ ಬೇಕಾಗುತ್ತದೆ.

ಆ ಕಾಗದದ ಮೂಲ 1882ರ ಭಾರತೀಯ ಟ್ರಸ್ಟ್ ಕಾನೂನು. ಅದರ ಮೂರನೆಯ ಕಲಮು ಟ್ರಸ್ಟನ್ನು ವಿವರಿಸುವ ಕ್ರಮ ಗಮನಾರ್ಹ. ಟ್ರಸ್ಟ್ ಎಂದರೆ ಒಂದು ಸಂಸ್ಥೆ ಎಂದಾಗಲಿ, ಒಂದು ಕಟ್ಟಡ ಎಂದಾಗಲಿ, ಒಂದು ಬೋರ್ಡು ಎಂದಾಗಲಿ ಅದು ಹೇಳುವುದಿಲ್ಲ. ಟ್ರಸ್ಟ್ ಎಂದರೆ ಆಸ್ತಿಯ ಒಡೆತನಕ್ಕೆ ಅಂಟಿಕೊಂಡ ಒಂದು ಹೊಣೆ ಎನ್ನುತ್ತದೆ. ಒಬ್ಬರು ವಿಶ್ವಾಸವಿಟ್ಟು ಒಪ್ಪಿಸಿದ್ದಾರೆ, ಇನ್ನೊಬ್ಬರು ಒಪ್ಪಿಕೊಂಡಿದ್ದಾರೆ, ಪ್ರಯೋಜನ ಮತ್ತೊಬ್ಬರಿಗೆ. ಒಪ್ಪಿಸಿದವರು ಟ್ರಸ್ಟಿನ ಕರ್ತೃ, ಒಪ್ಪಿಕೊಂಡವರು ಟ್ರಸ್ಟಿ, ಪ್ರಯೋಜನ ಪಡೆಯುವವರು ಫಲಾನುಭವಿ, ನಡುವೆ ಇರುವುದು ಟ್ರಸ್ಟಿನ ಆಸ್ತಿ. ಯಾವ ಉದ್ದೇಶಕ್ಕೆ, ಯಾರಿಗಾಗಿ, ಯಾವ ಆಸ್ತಿ ಎಂಬುದು ಖಚಿತವಾಗಿರಬೇಕು. ‘ಬಡವರಿಗೆ ಏನಾದರೂ ಮಾಡಿ ಮಾರಾಯ್ರೆ’ ಎಂದು ಹೇಳಿ ತೀರಿಕೊಂಡರೆ ಅದು ಪುಣ್ಯದ ಮಾತಾದೀತು, ಟ್ರಸ್ಟ್ ಆಗುವುದು ಕಷ್ಟ.

ಜಾಗ, ತೋಟ, ಮನೆಯಂಥ ಸ್ಥಿರಾಸ್ತಿಯಾದರೆ ಬಾಯಿಮಾತು ಸಾಲದು. ಬರೆದು, ರುಜು ಹಾಕಿ, ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಬೇಕು, ಇಲ್ಲವೇ ಉಯಿಲಿನ ಮೂಲಕ ಮಾಡಬೇಕು. ನಗದು, ಚಿನ್ನದಂಥ ಚರಾಸ್ತಿಯಾದರೆ ಟ್ರಸ್ಟಿಯ ಕೈಗೆ ಒಪ್ಪಿಸಿದರೂ ಸಾಕು ಎನ್ನುತ್ತದೆ ಕಾನೂನು. ಸಾಕು ಎಂದ ಮಾತ್ರಕ್ಕೆ ಹಾಗೆ ಮಾಡುವುದು ಜಾಣತನವಲ್ಲ. ಒಪ್ಪಿಸಿದ್ದನ್ನು ನೋಡಿದ ಇಬ್ಬರೂ ತೀರಿಕೊಂಡ ಮೇಲೆ ಆ ಚಿನ್ನ ಯಾರದ್ದು ಎಂಬ ಪ್ರಶ್ನೆಗೆ ಕಾನತ್ತೂರೇ ಗತಿ.

ಇಲ್ಲಿ ಒಂದು ಸ್ವಾರಸ್ಯ ಉಂಟು. ಊರವರು ಟ್ರಸ್ಟ್ ಎಂದ ಕೂಡಲೇ ನೆನೆಯುವ ದೇವಸ್ಥಾನಕ್ಕೂ ಮಸೀದಿಗೂ ಕುಟುಂಬದ ದೈವದ ಮನೆಗೂ ಈ 1882ರ ಕಾನೂನು ಅನ್ವಯವಾಗುವುದೇ ಇಲ್ಲ! ಮೊದಲ ಕಲಮಿನಲ್ಲೇ ಅದು ಹೊರಗಿಡಬೇಕಾದವನ್ನು ಹೊರಗಿಟ್ಟಿದೆ. ವಕ್ಫ್ ಹೊರಗೆ, ಅವಿಭಕ್ತ ಕುಟುಂಬದವರ ಪರಸ್ಪರ ಸಂಬಂಧ ಹೊರಗೆ, ಧಾರ್ಮಿಕ ಮತ್ತು ಧರ್ಮಾರ್ಥ ದತ್ತಿಗಳು ಹೊರಗೆ. ಹಾಗಾಗಿ ಟ್ರಸ್ಟ್ ಎಂಬ ಮರಕ್ಕೆ ಎರಡು ದೊಡ್ಡ ಕವಲು. ಒಂದು ಖಾಸಗಿ ಟ್ರಸ್ಟ್, ಅಂದರೆ ಇಂಥವರಿಗೆ ಎಂದು ಬೆರಳು ಮಾಡಿ ತೋರಿಸಬಹುದಾದ ಜನರಿಗಾಗಿ ಮಾಡಿದ್ದು. 1882ರ ಕಾನೂನು ಮುಖ್ಯವಾಗಿ ಇದಕ್ಕೆ. ಇನ್ನೊಂದು ಸಾರ್ವಜನಿಕ ಟ್ರಸ್ಟ್, ಅಂದರೆ ಶಾಲೆ, ಆಸ್ಪತ್ರೆ, ದೇವಸ್ಥಾನ, ಅನ್ನದಾನ ಹೀಗೆ ಎಣಿಸಿ ಮುಗಿಯದ ಜನರಿಗಾಗಿ ಮಾಡಿದ್ದು. ಖಾಸಗಿಯದಕ್ಕೆ ಆಯುಷ್ಯದ ಮಿತಿ ಇದೆ. ಆಸ್ತಿಯನ್ನು ತಲೆತಲಾಂತರಕ್ಕೂ ಕಟ್ಟಿಹಾಕಿ ಇಡುವುದನ್ನು ಕಾನೂನು ಒಪ್ಪುವುದಿಲ್ಲ. ಸಾರ್ವಜನಿಕವಾದದ್ದು ಮಾತ್ರ ಆಚಂದ್ರಾರ್ಕ ನಡೆಯಬಹುದು.

ಮಹಾರಾಷ್ಟ್ರ, ಗುಜರಾತಿನಲ್ಲಿ ಸಾರ್ವಜನಿಕ ಟ್ರಸ್ಟುಗಳ ಮೇಲ್ವಿಚಾರಣೆಗೆ ಚಾರಿಟಿ ಕಮಿಷನರ್ ಎಂಬ ಅಧಿಕಾರಿ ಇದ್ದಾರೆ. 1950ರ ಮುಂಬಯಿ ಕಾನೂನಿನ ಫಲ ಅದು. ಕರ್ನಾಟಕದಲ್ಲಿ ಎಲ್ಲ ಸಾರ್ವಜನಿಕ ಟ್ರಸ್ಟುಗಳಿಗೂ ಅನ್ವಯಿಸುವ ಅಂಥ ಒಂದು ಕಾನೂನು ಇಲ್ಲ. ಹಾಗೆಂದು ಕೇಳುವವರೇ ಇಲ್ಲ ಎಂದಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 92ನೇ ಕಲಮಿನ ಪ್ರಕಾರ, ಟ್ರಸ್ಟಿನಲ್ಲಿ ಆಸಕ್ತಿ ಇರುವ ಇಬ್ಬರು ಸೇರಿ, ಕೋರ್ಟಿನ ಅನುಮತಿ ಪಡೆದು ದಾವೆ ಹೂಡಬಹುದು. ಲೆಕ್ಕ ಕೇಳಬಹುದು, ಟ್ರಸ್ಟಿಯನ್ನು ತೆಗೆಸಬಹುದು, ಆಡಳಿತಕ್ಕೆ ಒಂದು ಸ್ಕೀಮು ಮಾಡಿಸಬಹುದು. ದುಡ್ಡು ಕೊಟ್ಟವನೊಬ್ಬ, ಭಕ್ತನೊಬ್ಬ, ಒಟ್ಟು ಇಬ್ಬರು ಸಾಕು. ಇಬ್ಬರು ಸಿಗುವುದೇ ಕಷ್ಟ ಎಂಬುದು ಬೇರೆ ಮಾತು. ಮೊಕ್ತೇಸರರ ವಿರುದ್ಧ ಹೋಟೆಲಿನಲ್ಲಿ ಮಾತಾಡುವವರು ಇಪ್ಪತ್ತು ಮಂದಿ, ವಕಾಲತ್ತಿಗೆ ರುಜು ಹಾಕುವವರು ಯಾರೂ ಇಲ್ಲ.

ದೇವಸ್ಥಾನಗಳದ್ದು ಪ್ರತ್ಯೇಕ ಅಧ್ಯಾಯ. 1956ರ ನವೆಂಬರ್ ಒಂದರವರೆಗೆ ಪುತ್ತೂರು, ಸುಳ್ಯಗಳು ಮದರಾಸಿಗೆ ಸೇರಿದ್ದವು. ಹಾಗಾಗಿ ಇಲ್ಲಿನ ದೇವಸ್ಥಾನಗಳನ್ನು ಆಳಿದ್ದು 1951ರ ಮದರಾಸು ಹಿಂದೂ ಧಾರ್ಮಿಕ ಮತ್ತು ಧರ್ಮಾದಾಯ ದತ್ತಿಗಳ ಕಾನೂನು. ರಾಜ್ಯ ಬದಲಾದರೂ ಕಾನೂನು ಬದಲಾಗಲಿಲ್ಲ. 1997ರ ಕರ್ನಾಟಕದ ಕಾನೂನು 2003ರ ಮೇ ಒಂದರಂದು ಜಾರಿಗೆ ಬರುವ ತನಕ ಅದೇ ನಡೆಯಿತು. ಗಡಿಯಾಚೆ ಕೇರಳಕ್ಕೆ ಸೇರಿದ ಕಾಸರಗೋಡಿನಲ್ಲಿ ಅದೇ ಮದರಾಸು ಕಾನೂನು ತಿದ್ದುಪಡಿಗಳೊಂದಿಗೆ ಮುಂದುವರಿದಿದೆ. ಒಂದೇ ಕುಟುಂಬದ ಎರಡು ದೇವಸ್ಥಾನ, ಒಂದೇ ತಂತ್ರಿಗಳು, ಒಂದೇ ಬಗೆಯ ಬಲಿ ಉತ್ಸವ. ಹೊಳೆಯ ಈಚೆಯದಕ್ಕೆ ಬೆಂಗಳೂರಿನ ಕಾನೂನು, ಆಚೆಯದಕ್ಕೆ ಹಳೆಯ ಮದರಾಸಿನದು!

ಹೊಸ ಕಾನೂನು ಬಂದ ಮೇಲೆ ಮುಜರಾಯಿ ದೇವಸ್ಥಾನಗಳಲ್ಲಿ ‘ಮೊಕ್ತೇಸರ’ ಎಂಬ ಶಬ್ದದ ಜಾಗಕ್ಕೆ ‘ವ್ಯವಸ್ಥಾಪನಾ ಸಮಿತಿ’ ಬಂತು. ಒಂಬತ್ತು ಮಂದಿ ಸದಸ್ಯರು, ಮೂರು ವರ್ಷದ ಅವಧಿ. ಪ್ರಧಾನ ಅರ್ಚಕರು, ಮಹಿಳೆಯರು, ಪರಿಶಿಷ್ಟ ಜಾತಿ ಅಥವಾ ಪಂಗಡದವರು ಅದರಲ್ಲಿ ಇರಬೇಕು. ಪುತ್ತೂರಿನ ಮಹಾಲಿಂಗೇಶ್ವರನಿಗೂ, ಮೊದಲು ಸುಳ್ಯ ತಾಲೂಕಿನಲ್ಲಿದ್ದು ಈಗ ಕಡಬ ತಾಲೂಕಿಗೆ ಸೇರಿದ ಕುಕ್ಕೆಯ ಸುಬ್ರಹ್ಮಣ್ಯನಿಗೂ ಇದೇ ಪದ್ಧತಿ. ಕುಕ್ಕೆ ಹಲವು ವರ್ಷಗಳಿಂದ ರಾಜ್ಯದ ಮುಜರಾಯಿ ದೇವಸ್ಥಾನಗಳ ಪೈಕಿ ವರಮಾನದಲ್ಲಿ ಮುಂಚೂಣಿಯಲ್ಲಿರುವ ಕ್ಷೇತ್ರ. ಅಷ್ಟು ದೊಡ್ಡ ಭಂಡಾರದ ಒಡೆಯ ಯಾರು? ಸರಕಾರವಲ್ಲ, ಸಮಿತಿಯಲ್ಲ, ಅರ್ಚಕರಲ್ಲ. ಕಾನೂನಿನ ಕಣ್ಣಿಗೆ ದೇವರೇ ಒಬ್ಬ ವ್ಯಕ್ತಿ. ಆಸ್ತಿ ಹೊಂದಬಲ್ಲ, ದಾವೆ ಹೂಡಬಲ್ಲ ವ್ಯಕ್ತಿ. ಆದರೆ ರುಜು ಹಾಕಲಾರದ, ಮಾತಾಡಲಾರದ ವ್ಯಕ್ತಿಯಾದ್ದರಿಂದ ಅವನ ಪರವಾಗಿ ಯಾರಾದರೂ ಬೇಕು. 1997ರ ಕಾನೂನನ್ನು 2006ರಲ್ಲಿ ಹೈಕೋರ್ಟು ರದ್ದುಗೊಳಿಸಿತು. ಆ ತೀರ್ಪಿಗೆ ಸುಪ್ರೀಂ ಕೋರ್ಟು ತಡೆ ನೀಡಿದ್ದರಿಂದ ಕಾನೂನು ಉಳಿಯಿತು. ದೇವರು ಇದನ್ನೆಲ್ಲ ನೋಡುತ್ತಾ ಕೂತಿದ್ದಾನೆ.

ಮಠಗಳಿಗೆ ಈ ಕಾನೂನು ಅನ್ವಯವಿಲ್ಲ. ಮಠಾಧಿಪತಿ ಮೊಕ್ತೇಸರನೋ, ಒಡೆಯನೋ ಎಂಬ ಪ್ರಶ್ನೆಯನ್ನು ದಿಲ್ಲಿಯವರೆಗೂ ಒಯ್ದು ಉತ್ತರ ತಂದದ್ದು ಇದೇ ಜಿಲ್ಲೆ ಎಂಬುದನ್ನು ಇಲ್ಲಿ ನೆನೆಯಬೇಕು. ಉಡುಪಿಯ ಶಿರೂರು ಮಠದ ಲಕ್ಷ್ಮೀಂದ್ರ ತೀರ್ಥರು 1919ರಲ್ಲಿ, ಇನ್ನೂ ಅಪ್ರಾಪ್ತ ವಯಸ್ಸಿನಲ್ಲಿ ಪೀಠವೇರಿದವರು. 1926ರ ಸುಮಾರಿಗೆ ಆಡಳಿತ ಕೈಗೆ ಬಂದಾಗ ಮಠ ಸಾಲದಲ್ಲಿ ಮುಳುಗಿತ್ತು. ನಾಲ್ಕು ವರ್ಷದಲ್ಲಿ ಬಹುಪಾಲು ತೀರಿಸಿದರು. 1931ರಲ್ಲಿ ಪರ್ಯಾಯ ಬಂತು; ಪರ್ಯಾಯವೆಂದರೆ ಖರ್ಚು, ಖರ್ಚೆಂದರೆ ಸಾಲ. ಮತ್ತೆ ಸುಧಾರಿಸುವ ಹೊತ್ತಿಗೆ 1946ರ ಎರಡನೆಯ ಪರ್ಯಾಯ, ಯುದ್ಧಾನಂತರದ ದುಬಾರಿ. ಸಾಲ ಲಕ್ಷ ರೂಪಾಯಿಯ ಹತ್ತಿರ ಹೋಯಿತು. ದತ್ತಿ ಮಂಡಳಿ ನಡುವೆ ಬಂದು ಮಠಕ್ಕೆ ಮ್ಯಾನೇಜರನ್ನು ನೇಮಿಸಬೇಕು ಎಂದಿತು, ಸ್ಕೀಮು ಮಾಡಲು ಹೊರಟಿತು. ಸ್ವಾಮಿಗಳು ಮದರಾಸು ಹೈಕೋರ್ಟಿಗೆ ಹೋದರು. 1954ರಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಾಧೀಶರ ಪೀಠ ತೀರ್ಪು ಕೊಟ್ಟಿತು. ನ್ಯಾಯಮೂರ್ತಿ ಬಿ. ಕೆ. ಮುಖರ್ಜಿಯಾ ಬರೆದ ಆ ತೀರ್ಪು ಮಠಾಧಿಪತಿ ಬರೀ ಟ್ರಸ್ಟಿಯಲ್ಲ, ಅವರ ಪದವಿಯಲ್ಲಿ ಹೊಣೆಯೂ ಇದೆ, ಸ್ವಂತದ ಒಂದು ಹಿತಾಸಕ್ತಿಯೂ ಬೆರೆತಿದೆ ಎಂದಿತು. ಧರ್ಮದ ಅತ್ಯಗತ್ಯ ಆಚರಣೆ ಯಾವುದು ಎಂಬ ವಿಷಯ ಬಂದಾಗಲೆಲ್ಲ ಇಂದಿಗೂ ದೇಶದ ಕೋರ್ಟುಗಳು ಶಿರೂರು ಮಠದ ಹೆಸರು ಹೇಳುತ್ತವೆ. ಒಂದು ಪರ್ಯಾಯದ ಸಾಲ ಇಷ್ಟು ದೂರ ನಡೆದು ಹೋದದ್ದು ಆಶ್ಚರ್ಯವೇ.

ದೊಡ್ಡವರ ಮಾತಾಯಿತು. ಇನ್ನು ಸಣ್ಣವರದ್ದು.

ಕಡಬದ ಕಡೆಯ ಒಬ್ಬರು ನಿವೃತ್ತ ಮಾಷ್ಟ್ರು. ಮೂವತ್ತಮೂರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕಲಿಸಿದವರು. ಒಂದೂವರೆ ಎಕರೆ ಅಡಿಕೆ ತೋಟ, ಹಂಚಿನ ಮನೆ, ಬ್ಯಾಂಕಿನಲ್ಲಿ ಒಂದಿಷ್ಟು ಠೇವಣಿ. ಮಗ ಬೆಂಗಳೂರಿನಲ್ಲಿ. ಮಗಳಿಗೆ ಮೂವತ್ತು ದಾಟಿದೆ. ನಡೆಯಲಾರಳು, ಮಾತಾಡಲಾರಳು. ತಂದೆಯ ಚಪ್ಪಲಿಯ ಸದ್ದು ಕೇಳಿದರೆ ಮಾತ್ರ ಮುಖ ಅರಳುತ್ತದೆ. ಕಾರಣ ಇದೇ ಎಂದು ಯಾವ ವೈದ್ಯರೂ ಅವರಿಗೆ ಖಚಿತವಾಗಿ ಹೇಳಲಿಲ್ಲ. ಆದರೆ ಆ ಕಡೆಯ ಗೇರು ಗುಡ್ಡಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ವರ್ಷಗಳನ್ನು ಊರಿನವರು ಮರೆತಿಲ್ಲ. ಗೇರು ಅಭಿವೃದ್ಧಿ ನಿಗಮದ ತೋಪುಗಳಲ್ಲಿ 2000ದ ಸುಮಾರಿನವರೆಗೆ ನಡೆದ ಸಿಂಪಡಣೆ ಅದು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ವಿಷದ ತಯಾರಿಕೆ, ಮಾರಾಟ, ಬಳಕೆಯನ್ನು ದೇಶಾದ್ಯಂತ ತಡೆಯಿತು. ಕೊಕ್ಕಡದಲ್ಲಿ, ಕೊಯಿಲದಲ್ಲಿ ಪೀಡಿತರಿಗಾಗಿ ಹಗಲು ಆರೈಕೆಯ ಕೇಂದ್ರಗಳಾದವು, ಸರಕಾರದಿಂದ ತಿಂಗಳ ಮಾಸಾಶನ ಬಂತು. ಬೆಳ್ತಂಗಡಿ, ಪುತ್ತೂರು, ಕಡಬ, ಸುಳ್ಯದ ಅಂಥ ಮನೆಗಳಲ್ಲಿ ತಂದೆತಾಯಿ ರಾತ್ರಿ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಹಗಲಿಗೆ ಕೇಂದ್ರ ಉಂಟು, ತಿಂಗಳಿಗೆ ಮಾಸಾಶನ ಉಂಟು, ತಮ್ಮ ಕಾಲಾನಂತರಕ್ಕೆ ಎಂತ ಉಂಟು?

ಮಾಷ್ಟ್ರ ಮುಂದೆ ಇದ್ದ ದಾರಿ ಎಲ್ಲರೂ ಹಿಡಿಯುವ ದಾರಿ. ಎಲ್ಲವನ್ನೂ ಮಗನ ಹೆಸರಿಗೆ ಉಯಿಲು ಬರೆದು, ‘ತಂಗಿಯನ್ನು ನೋಡಿಕೋ’ ಎಂದು ಒಂದು ಸಾಲು ಸೇರಿಸುವುದು. ಪುತ್ತೂರಿನ ವಕೀಲರು ಒಪ್ಪಲಿಲ್ಲ.

“ಮಾಷ್ಟ್ರೇ, ಆ ಸಾಲಿಗೆ ಹಲ್ಲಿಲ್ಲ. ತೋಟ ಮಗನದ್ದಾಯಿತು. ನೋಡಿಕೊಳ್ಳದಿದ್ದರೆ ಕೇಳುವವರು ಯಾರು? ಕೇಳಬೇಕಾದವಳಿಗೆ ಬಾಯಿಲ್ಲ.”

“ಮಗ ಒಳ್ಳೆಯವ, ಮಾರಾಯ್ರೆ.”

“ನಾನು ಇಲ್ಲ ಹೇಳಿದೆನಾ? ಅವನಿಗೂ ಸಂಸಾರ ಉಂಟು, ಸಾಲ ಉಂಟು, ಆಯುಷ್ಯ ಇಷ್ಟೇ ಅಂತ ಬರೆದು ಕೊಟ್ಟವರಿಲ್ಲ. ಅವ ನಿಮ್ಮಿಂದ ಮೊದಲೇ ಹೋದರೆ ಎಂತ ಮಾಡ್ತೀರಿ? ತೋಟ ಅವನ ಮಕ್ಕಳದ್ದು. ನಿಮ್ಮ ಮಗಳು ಅವರಿಗೆ ವರ್ಷಕ್ಕೊಮ್ಮೆ ನೋಡುವ ಅತ್ತೆ.”

ಮಾಷ್ಟ್ರು ಮಾತಾಡಲಿಲ್ಲ. ನಂಬಿಕೆ ಇಲ್ಲದವರು ಮಾಡುವ ವ್ಯವಸ್ಥೆಗೆ ಟ್ರಸ್ಟ್ ಎಂದು ಹೆಸರಿಟ್ಟದ್ದು ಯಾಕೆ ಎಂಬ ಕಹಿ ಮಾತ್ರ ಅವರ ಬಾಯಲ್ಲಿ ಉಳಿಯಿತು. ಒಂದು ವಾರ ಮಗನಿಗೆ ಫೋನು ಮಾಡಲೂ ಹಿಂಜರಿದರು.

ವಕೀಲರು ವಿವರಿಸಿದ ಬಗೆಗಳು ಹೀಗೆ. ಬದುಕಿರುವಾಗಲೇ ಪತ್ರ ಬರೆದು ಆಸ್ತಿಯನ್ನು ಟ್ರಸ್ಟಿಗಳಿಗೆ ಒಪ್ಪಿಸಿದರೆ ಅದು ಜೀವಿತಕಾಲದ ಟ್ರಸ್ಟ್. ಉಯಿಲಿನ ಮೂಲಕ ಮಾಡಿದರೆ ಬರೆದವರ ಮರಣದ ನಂತರ ಹುಟ್ಟುವ ಟ್ರಸ್ಟ್. ಉಯಿಲಿಗೆ ಛಾಪಾಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಮನಸ್ಸು ಬದಲಾದರೆ ಬೇರೆ ಬರೆಯಬಹುದು. ಹಿಂದಕ್ಕೆ ಪಡೆಯುವ ಅಧಿಕಾರವನ್ನು ಪತ್ರದಲ್ಲಿ ಇಟ್ಟುಕೊಂಡರೆ ರದ್ದುಪಡಿಸಬಹುದಾದ ಟ್ರಸ್ಟ್, ಇಟ್ಟುಕೊಳ್ಳದಿದ್ದರೆ ರದ್ದುಪಡಿಸಲಾಗದ್ದು. ಯಾರಿಗೆ ಎಷ್ಟು ಎಂದು ಮೊದಲೇ ಬರೆದಿಟ್ಟರೆ ಪಾಲು ನಿಗದಿಯಾದ ಟ್ರಸ್ಟ್. ಯಾರಿಗೆ ಯಾವಾಗ ಎಷ್ಟು ಕೊಡಬೇಕೆಂಬುದನ್ನು ಟ್ರಸ್ಟಿಯ ವಿವೇಚನೆಗೆ ಬಿಟ್ಟರೆ ವಿವೇಚನಾ ಟ್ರಸ್ಟ್. ಎರಡನೆಯದರಲ್ಲಿ ಕಾಯಿಲೆಯ ವರ್ಷ ಹೆಚ್ಚು, ಸುಖದ ವರ್ಷ ಕಡಿಮೆ ಖರ್ಚು ಮಾಡುವ ಸೌಕರ್ಯವಿದೆ. ಆದರೆ ಆದಾಯ ತೆರಿಗೆಯವರು ಅದನ್ನು ಸಾಮಾನ್ಯವಾಗಿ ಅತಿ ಹೆಚ್ಚಿನ ದರದಲ್ಲಿ ನೋಡುತ್ತಾರೆ. ಒಬ್ಬ ನಿರ್ದಿಷ್ಟ ಫಲಾನುಭವಿಗಾಗಿ ಮಾಡಿದ್ದಕ್ಕೆ ಆ ಫಲಾನುಭವಿಗೆ ತಗಲುವ ದರವೇ ತಗಲುತ್ತದೆ. ಧರ್ಮಾರ್ಥ ಟ್ರಸ್ಟಿನ ಲೆಕ್ಕ ಬೇರೆ. ಅದು ಇಲಾಖೆಯಲ್ಲಿ ಪ್ರತ್ಯೇಕ ನೋಂದಣಿ ಮಾಡಿಸಿ, ವರಮಾನದ ಶೇಕಡಾ 85ರಷ್ಟನ್ನು ಉದ್ದೇಶಕ್ಕಾಗಿಯೇ ವಿನಿಯೋಗಿಸಿದರೆ ತೆರಿಗೆ ವಿನಾಯಿತಿ.

ಯಾರೂ ಬರೆಯದ, ಕಾನೂನೇ ಹುಟ್ಟಿಸುವ ಟ್ರಸ್ಟೂ ಒಂದಿದೆ. 1882ರ ಕಾನೂನಿನ ಪುಸ್ತಕವೇ ಉದಾಹರಣೆ ಕೊಡುತ್ತದೆ. ಪಾಲುದಾರನೊಬ್ಬ ಪಾಲುದಾರಿಕೆಯ ದುಡ್ಡಿನಿಂದ ತನ್ನ ಹೆಸರಿಗೆ ಜಾಗ ಕೊಂಡರೆ ಆ ಜಾಗವನ್ನು ಅವನು ಪಾಲುದಾರಿಕೆಯ ಹಿತಕ್ಕಾಗಿಯೇ ಇಟ್ಟುಕೊಂಡಂತೆ. ಪತ್ರದಲ್ಲಿ ಹೆಸರು ಅವನದು, ಧರ್ಮದಲ್ಲಿ ಅಲ್ಲ. ನಂಬಿಕೆಯ ಸ್ಥಾನದಲ್ಲಿ ಕೂತು ಗುಟ್ಟಾಗಿ ಲಾಭ ಮಾಡಿಕೊಂಡವನನ್ನು ಕಾನೂನು ಹಿಡಿದು ಟ್ರಸ್ಟಿಯ ಜಾಗದಲ್ಲಿ ಕೂರಿಸುತ್ತದೆ.

ಮಾಷ್ಟ್ರು ಆರಿಸಿದ್ದು ಉಯಿಲಿನ ಟ್ರಸ್ಟನ್ನು. ಮನೆ, ಠೇವಣಿ, ಅರ್ಧ ತೋಟ ಮಗಳ ಜೀವಿತಕಾಲಕ್ಕೆ. ಅವಳ ನಂತರ ಉಳಿದದ್ದು ಮೊಮ್ಮಕ್ಕಳಿಗೆ. ಮಾತಾಡಲಾರದವಳು ಫಲಾನುಭವಿಯಾಗಲು ಯಾವ ತೊಡಕೂ ಇಲ್ಲ. ಆಸ್ತಿ ಹೊಂದಬಲ್ಲ ಯಾರೂ ಫಲಾನುಭವಿ ಆಗಬಹುದು. ಕಷ್ಟವಾದದ್ದು ಟ್ರಸ್ಟಿಗಳನ್ನು ಹುಡುಕುವುದು.

ಯಾಕೆಂದರೆ ಟ್ರಸ್ಟಿಯ ಕೆಲಸದಲ್ಲಿ ಲಾಭವಿಲ್ಲ. ಪತ್ರದಲ್ಲಿ ಬರೆದಿರದಿದ್ದರೆ ಸಂಬಳವಿಲ್ಲ, ಕೈಯಿಂದ ಹಾಕಿದ ಖರ್ಚು ಮಾತ್ರ ವಾಪಸು. ಟ್ರಸ್ಟಿನ ಆಸ್ತಿಯಿಂದ ಸ್ವಂತಕ್ಕೆ ಒಂದು ಪೈಸೆ ಲಾಭ ಮಾಡಿಕೊಳ್ಳುವಂತಿಲ್ಲ. ಜವಾಬ್ದಾರಿಯನ್ನು ಇನ್ನೊಬ್ಬರ ತಲೆಗೆ ಹಾಕಿ ತೀರ್ಥಯಾತ್ರೆಗೆ ಹೋಗುವಂತಿಲ್ಲ. ಇಬ್ಬರು ಮೂವರಿದ್ದರೆ ಎಲ್ಲರೂ ಸೇರಿಯೇ ತೀರ್ಮಾನಿಸಬೇಕು. ಸಾಮಾನ್ಯ ವಿವೇಕದ ಮನುಷ್ಯ ತನ್ನ ಸ್ವಂತ ಆಸ್ತಿಯನ್ನು ಎಷ್ಟು ಜಾಗ್ರತೆಯಿಂದ ನೋಡಿಕೊಳ್ಳುವನೋ ಅಷ್ಟು ಜಾಗ್ರತೆ ಬೇಕು. ಲೆಕ್ಕ ಸ್ಪಷ್ಟವಾಗಿರಬೇಕು, ಕೇಳಿದಾಗ ತೋರಿಸಬೇಕು. ತಪ್ಪಿ ನಡೆದು ನಷ್ಟವಾದರೆ ಕೈಯಿಂದ ಕಟ್ಟಿಕೊಡಬೇಕು. ಒಪ್ಪಿಕೊಳ್ಳಲೇಬೇಕೆಂಬ ಬಲವಂತ ಯಾರಿಗೂ ಇಲ್ಲ. ಆದರೆ ಒಪ್ಪಿಕೊಂಡ ಮೇಲೆ ‘ನನ್ನಿಂದಾಗದು’ ಎಂದು ಎದ್ದು ಹೋಗಲು ಕೋರ್ಟಿನ ಅನುಮತಿ ಬೇಕು, ಇಲ್ಲವೇ ವ್ಯವಹಾರಯೋಗ್ಯ ಫಲಾನುಭವಿಯ ಒಪ್ಪಿಗೆ ಬೇಕು, ಇಲ್ಲವೇ ಪತ್ರದಲ್ಲೇ ಅಂಥ ಅಧಿಕಾರ ಬರೆದಿರಬೇಕು.

ಇದನ್ನೆಲ್ಲ ಕೇಳಿದ ಮೇಲೆ ಮಾಷ್ಟ್ರ ಮೊದಲ ಗೆಳೆಯರು “ನನಗೆ ಸಕ್ಕರೆ ಕಾಯಿಲೆ ಉಂಟಲ್ಲಾ” ಎಂದರು. ಎರಡನೆಯವರು ಮನೆಯವರಲ್ಲಿ ಕೇಳಿ ಹೇಳುತ್ತೇನೆ ಎಂದು ಹೋದವರು ಆಮೇಲೆ ಸೊಸೈಟಿಯ ಎದುರು ಸಿಕ್ಕಿದಾಗ ಮಳೆಯ ವಿಷಯ ಮಾತಾಡಿದರು. ಕೊನೆಗೆ ಒಪ್ಪಿದವರು ಇಬ್ಬರು: ಮಾಷ್ಟ್ರ ಹಳೆಯ ಶಿಷ್ಯೆ, ಈಗ ಅದೇ ಊರಿನ ಆರೋಗ್ಯ ಕಾರ್ಯಕರ್ತೆ, ಮತ್ತು ತಮ್ಮನ ಮಗ. ಮೂರನೆಯವನಾಗಿ ಮಗನನ್ನೇ ಸೇರಿಸಿ ಎಂದು ವಕೀಲರು ಹೇಳಿದರು. ಒಬ್ಬನ ಮೇಲೆ ಎಲ್ಲ ಭಾರ ಬಿದ್ದರೆ ಒಳ್ಳೆಯವನೂ ಒಂದು ದಿನ ಜಾರಬಹುದು. ಇನ್ನಿಬ್ಬರು ನೋಡುತ್ತಿದ್ದಾರೆ ಎಂದಾದರೆ ಜಾರುವ ಸಂದರ್ಭ ಕಡಿಮೆ. ಆಡಳಿತ ಮೊಕ್ತೇಸರರ ಪಕ್ಕದಲ್ಲಿ ಇನ್ನಿಬ್ಬರು ಮೊಕ್ತೇಸರರು ಕೂರುವುದರ ಹಿಂದಿನ ಜಾಣ್ಮೆಯೂ ಅದೇ.

ಟ್ರಸ್ಟ್ ದುಡ್ಡನ್ನು ಕಾಯುತ್ತದೆ, ಆದರೆ ಅನ್ನ ಉಣ್ಣಿಸುವುದಿಲ್ಲ. ಅದಕ್ಕೆ ಇನ್ನೊಂದು ಕಾನೂನಿದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯ ಮತ್ತು ಬಹುವಿಧ ವೈಕಲ್ಯ ಇರುವವರಿಗಾಗಿ 1999ರಲ್ಲಿ ಬಂದ ನ್ಯಾಷನಲ್ ಟ್ರಸ್ಟ್ ಕಾನೂನು. ಹೆಸರು ಟ್ರಸ್ಟ್, ಸ್ವರೂಪದಲ್ಲಿ ಕೇಂದ್ರ ಸರಕಾರದ ಒಂದು ಶಾಸನಬದ್ಧ ಸಂಸ್ಥೆ. ಇದರ ಪ್ರಕಾರ ಜಿಲ್ಲಾಧಿಕಾರಿಯ ಮಟ್ಟದಲ್ಲಿ ಒಂದು ಸ್ಥಳೀಯ ಸಮಿತಿ ಇರುತ್ತದೆ. ಹದಿನೆಂಟು ದಾಟಿದರೂ ತಮ್ಮನ್ನು ತಾವು ನೋಡಿಕೊಳ್ಳಲಾಗದವರಿಗೆ ಅದು ಪೋಷಕರನ್ನು ನೇಮಿಸುತ್ತದೆ. ಹಾಗೆ ನೇಮಕವಾದವರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಒಪ್ಪಿಸಬೇಕು, ವರ್ಷವರ್ಷ ಲೆಕ್ಕ ಕೊಡಬೇಕು. ಪೋಷಕರು ಕೆಟ್ಟದಾಗಿ ನಡೆಸಿಕೊಂಡರೆ ತೆಗೆದುಹಾಕಲು ದಾರಿ ಇದೆ. ಮಗಳಿಗೆ ಹದಿನೆಂಟಾದ ದಿನದಿಂದ ತಂದೆಯ ರುಜುವೂ ಕಾನೂನಿನಲ್ಲಿ ಅವಳ ರುಜುವಲ್ಲ ಎಂಬುದು ಅನೇಕ ಹೆತ್ತವರಿಗೆ ತಿಳಿಯುವುದು ಬ್ಯಾಂಕಿನ ಕೌಂಟರಿನಲ್ಲಿ. ಮಾಷ್ಟ್ರಿಗೂ ಹಾಗೆಯೇ ತಿಳಿಯಿತು.

ಉಯಿಲಿಗೆ ರುಜು ಹಾಕುವ ಮೊದಲು ಅವರು ಮಗನಿಗೆ ಎಲ್ಲವನ್ನೂ ಹೇಳಿದರು. ಹೇಳುವಾಗ ಧ್ವನಿ ಗಟ್ಟಿಯಿರಲಿಲ್ಲ. ಮಗ ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪಾ, ನೀವು ಹೇಳಿದ್ದು ಒಳ್ಳೆಯದಾಯಿತು. ನಾಳೆ ನಾನೇ ಏನಾದರೂ ಖರ್ಚು ಮಾಡಿದರೆ ತಂಗಿಯದ್ದು ತಿಂದೆ ಅಂತ ಊರವರು ಹೇಳುತ್ತಿದ್ದರು. ಈಗ ಲೆಕ್ಕ ತೋರಿಸಬಹುದು” ಎಂದ. ಬರೆಯದ ನಂಬಿಕೆಯ ಭಾರವೆಲ್ಲ ನಂಬಿಸಿಕೊಂಡವನ ಮೇಲೆಯೇ ಬೀಳುತ್ತದೆ ಎಂಬುದು ಮಾಷ್ಟ್ರಿಗೆ ಹೊಳೆದದ್ದು ಆಗ. ಮಗನನ್ನು ಕಟ್ಟಿಹಾಕುತ್ತದೆ ಎಂದು ಅವರು ಹೆದರಿದ್ದ ಕಾಗದ ಅವನನ್ನು ಸಂಶಯದಿಂದ ಬಿಡಿಸುವ ಕಾಗದವೂ ಆಗಿತ್ತು.

ಈ ಮಾತು ದೊಡ್ಡ ಸಂಸ್ಥೆಗಳಿಗೂ ಸಲ್ಲುತ್ತದೆ. 2020ರ ಫೆಬ್ರವರಿಯಲ್ಲಿ ಅಯೋಧ್ಯೆಯ ರಾಮಮಂದಿರಕ್ಕಾಗಿ ರಚನೆಯಾದ ಟ್ರಸ್ಟಿಗೆ ಕೇಂದ್ರ ಸರಕಾರ ಕೊಟ್ಟ ಮೊದಲ ದೇಣಿಗೆ ಒಂದು ರೂಪಾಯಿ. ಟ್ರಸ್ಟ್ ಮಾಡಲು ಕೋಟಿ ಬೇಕೆಂದು ತಿಳಿದವರಿಗೆ ಇದು ಆಶ್ಚರ್ಯ ತಂದೀತು. ಒಂದು ರೂಪಾಯಿಯ ಟ್ರಸ್ಟಿಗೂ ಕೋಟಿಯ ಟ್ರಸ್ಟಿಗೂ ಹೊಣೆ ಒಂದೇ. ಊರಿನ ಬ್ರಹ್ಮಕಲಶಕ್ಕೆ ರಶೀದಿ ಪುಸ್ತಕ ಹಿಡಿದು ಮನೆ ಮನೆ ತಿರುಗಿದ ಯುವಕನ ಕಿಸೆಯಲ್ಲಿ ಸಂಜೆ ಉಳಿದ ಐನೂರು ರೂಪಾಯಿಯೂ ಒಂದು ಬಗೆಯಲ್ಲಿ ಟ್ರಸ್ಟಿನ ಆಸ್ತಿಯೇ. ಉತ್ಸವ ಮುಗಿದು, ಚಪ್ಪರ ಬಿಚ್ಚಿ, ಹೊರೆಕಾಣಿಕೆಯ ಕುಂಬಳ, ಸೌತೆ ಅಡುಗೆಯಾಗಿ ಖಾಲಿಯಾದ ಮೇಲೆ ಒಂದು ದಿನ ಲೆಕ್ಕಪತ್ರ ಮಂಡನೆಯ ಸಭೆ ಕರೆಯುತ್ತಾರೆ. ಉತ್ಸವ ನೋಡಲು ಸೇರಿದ ಸಾವಿರಾರು ಜನರಲ್ಲಿ ಆ ಸಭೆಗೆ ಬರುವವರು ಹದಿನೈದೋ ಇಪ್ಪತ್ತೋ. ಕೋಶಾಧಿಕಾರಿ ಓದುತ್ತಾರೆ: ಶಾಮಿಯಾನ ಇಷ್ಟು, ಧ್ವನಿವರ್ಧಕ ಇಷ್ಟು, ಹಾಲು ಮಜ್ಜಿಗೆ ಇಷ್ಟು, ಉಳಿಕೆ ಇಷ್ಟು. ಕೇಳುವವರು ಕಡಿಮೆಯಿದ್ದರೂ ಅವರು ಪೂರ್ತಿ ಓದುತ್ತಾರೆ. ಮೊಕ್ತೇಸರಿಕೆ ಉಳಿದಿರುವುದು ಹಾಗೆ ಓದುವವರಿಂದಲೇ.